ಹಿಡಿನೀರು

ಚಿಮಟದ ತುದಿಯಲ್ಲಿದ್ದ ಲೋಹದ ತುಣುಕಿನ ಮೇಲೆ ಡಾ. ಇಂಚರಾ ಹಾಲೇಶ್ ಒಂದು ಹನಿ ಬಿಟ್ಟಳು. ನೀರಿನಂಥ, ಬಣ್ಣವಿಲ್ಲದ ಹನಿ. ಅದು ಲೋಹದ ಮೇಲೆ ಗುಂಡಗೆ ನಿಲ್ಲದೆ ಒಮ್ಮೆಗೇ ಹರಡಿಕೊಂಡಿತು. ಕನ್ನಡಿಯ ಮೇಲೆ ಉಸಿರು ಬಿಟ್ಟಾಗ ಆಗುವಂತೆ ಲೋಹದ ಹೊಳಪು ಮಸುಕಾಯಿತು.

“ಹಿಡೀತು,” ಎಂದಳು. “ಈಗ ಕೂರಿಸಿ ಸರ್.”

ಆ ತುಣುಕು ಒಂದು ಕೃತಕ ಹಲ್ಲು. ಅದರ ಎರಡೂ ಬದಿಗೆ ಉಗುರಿನಷ್ಟು ತೆಳುವಾದ ಲೋಹದ ರೆಕ್ಕೆಗಳಿದ್ದವು. ಆ ರೆಕ್ಕೆಗಳನ್ನು ಅಕ್ಕಪಕ್ಕದ ಸ್ವಂತ ಹಲ್ಲುಗಳ ಬೆನ್ನಿಗೆ ಅಂಟಿಸಿದರೆ ನಡುವಿನ ಹಲ್ಲು ಖಾಲಿ ಜಾಗದಲ್ಲಿ ನಿಲ್ಲುತ್ತದೆ. ಹಲ್ಲಿನ ವೈದ್ಯರು ಇದನ್ನು ಸೇತುವೆ ಎನ್ನುತ್ತಾರೆ. ದಾವಣಗೆರೆಯ ಆ ದಂತ ವೈದ್ಯ ಕಾಲೇಜಿನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದವನ ಹೆಸರು ದಾದಾಪೀರ್. ಮದುವೆ ಮೆರವಣಿಗೆಗಳ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವನು. ಅವನನ್ನು ಕರೆತಂದವರು ಮಂಡಿಪೇಟೆಯಲ್ಲಿ ಸಣ್ಣ ದವಾಖಾನೆ ಇಟ್ಟುಕೊಂಡಿದ್ದ ಡಾ. ವಾಗೀಶ್. ಅವರೇ ಈಗ ಸೇತುವೆಯನ್ನು ಅವನ ಕೆಳದವಡೆಗೆ ಒತ್ತಿ ಹಿಡಿದು, ನೀಲಿ ಬೆಳಕಿನ ಕಡ್ಡಿಯನ್ನು ಹತ್ತಿರ ತಂದರು. ಹಲ್ಲಿಗೂ ಲೋಹಕ್ಕೂ ನಡುವೆ ಇದ್ದ ರಾಳ, ಅಂದರೆ ಬೆಳಕು ಬಿದ್ದರೆ ಕಲ್ಲಾಗುವ ಅಂಟು, ಗಟ್ಟಿಯಾಯಿತು.

ದಾದಾಪೀರ್ ಎದ್ದು ಕೂತು ನಾಲಿಗೆಯಿಂದ ಹಲ್ಲನ್ನು ಸವರಿ ನೋಡಿಕೊಂಡ.

“ಡಾಕ್ಟ್ರಮ್ಮ, ಈ ಸಲಾನೂ ಕಿತ್ಕೊಂಡು ಬಂದ್ರೆ ನಾನು ಟ್ರಂಪೆಟ್ ಬಿಟ್ಟು ಡ್ರಮ್ ಹೊಡಿಯಾಕೆ ನಿಂತ್ಕೋತೀನಿ, ಅಷ್ಟೆ.”

ಅವನ ಹಲ್ಲು ಹೋದದ್ದು ಒಂದು ಕುದುರೆಯಿಂದ. ಮದುಮಗ ಕೂತಿದ್ದ ಕುದುರೆ ಪಟಾಕಿಗೆ ಬೆದರಿ ತಲೆ ಕೊಡವಿದಾಗ ಟ್ರಂಪೆಟ್ ಹಿಂದಕ್ಕೆ ಬಡಿದು ಕೋರೆಹಲ್ಲಿನ ಪಕ್ಕದ ಹಲ್ಲನ್ನು ಮುರಿದಿತ್ತು. ಟ್ರಂಪೆಟ್ ಊದುವವನ ತುಟಿ ಹಲ್ಲುಗಳ ಮೇಲೆ ಒರಗಿಕೊಂಡು ನಿಲ್ಲಬೇಕು. ಅಲ್ಲಿ ಸಂದು ಬಿದ್ದರೆ ಸ್ವರ ಸೀಳುತ್ತದೆ. ವಾಗೀಶ್ ಸೇತುವೆ ಹಾಕಿಕೊಟ್ಟಿದ್ದರು. ಆದರೆ ಮದುವೆಯ ಋತು ಮುಗಿಯುವುದರೊಳಗೆ ಅದು ಕಳಚಿ ಬರುತ್ತಿತ್ತು. ಒಮ್ಮೆ ಮಿರ್ಚಿ ಕಚ್ಚಿದಾಗ, ಇನ್ನೊಮ್ಮೆ ಹೆಣ್ಣಿನ ಮನೆಯವರ ಮುಂದೆ ಮೇಲಿನ ಸ್ವರ ಹಿಡಿದಾಗ. ಪ್ರತಿ ಸಲವೂ ಅವನು ಅದನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಮಂಡಿಪೇಟೆಯ ಮೆಟ್ಟಿಲು ಹತ್ತುತ್ತಿದ್ದ.

“ಊದಿ ನೋಡಿ,” ಎಂದಳು ಇಂಚರಾ.

“ಇಲ್ಲೇನಾ?”

“ಇಲ್ಲೇ.”

ಅವನು ಚೀಲದಿಂದ ಟ್ರಂಪೆಟ್ ತೆಗೆದು, ಸಂಕೋಚದಿಂದ ಕಾರಿಡಾರಿಗೆ ಹೋಗಿ ಊದಿದ. ಬಾಗಿಲಲ್ಲಿ ಚೀಟಿ ಹಿಡಿದು ಕೂತಿದ್ದ ರೋಗಿಗಳು ಬೆಚ್ಚಿ ಎದ್ದರು, ಆಮೇಲೆ ನಕ್ಕರು. ಸ್ವರ ಎಲ್ಲೂ ಸೀಳಲಿಲ್ಲ. ಊದಿ ಮುಗಿಸಿದಾಗ ಅವನ ಕಣ್ಣು ತುಂಬಿತ್ತು. ವಾಗೀಶ್ ಅವನ ಬೆನ್ನು ತಟ್ಟಿ, “ಇನ್ಮೇಲೆ ನನ್ನ ಮುಖ ನೋಡೋ ಕರ್ಮ ನಿನಗಿಲ್ಲ ಕಣಪ್ಪ,” ಎಂದರು.

ಲೋಹಕ್ಕೂ ರಾಳಕ್ಕೂ ಹುಟ್ಟಿನಿಂದಲೇ ಆಗಿಬರುವುದಿಲ್ಲ. ಲೋಹದ ಮೈಮೇಲೆ ಕಣ್ಣಿಗೆ ಕಾಣದ ಆಕ್ಸೈಡಿನ ಪೊರೆ ಇರುತ್ತದೆ. ರಾಳವಾದರೋ ಇಂಗಾಲದ ಉದ್ದುದ್ದ ಸರಪಳಿ. ಇವೆರಡನ್ನು ಕೂಡಿಸಲು ಹಿಂದಿನವರು ಏನೇನೋ ಮಾಡಿದ್ದರು. ಅಲ್ಯೂಮಿನಾದ ನುಣ್ಣನೆಯ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಎರಚಿ ಲೋಹದ ಮೈಯನ್ನು ತರಚುತ್ತಿದ್ದರು. ಗಾಜಿನಂಥ ತೆಳುಪದರವನ್ನು ಹೊದಿಸುತ್ತಿದ್ದರು. ಒಂದು ತುದಿಯಿಂದ ಆಕ್ಸೈಡನ್ನೂ ಇನ್ನೊಂದು ತುದಿಯಿಂದ ರಾಳವನ್ನೂ ಹಿಡಿಯುವ ಅಣುಗಳನ್ನು ಬಳಿಯುತ್ತಿದ್ದರು. ಪ್ರಯೋಗಾಲಯದಲ್ಲಿ ಎಲ್ಲವೂ ಗೆದ್ದವು. ಬಾಯಿಯೊಳಗೆ ಎಲ್ಲವೂ ಸೋತವು. ಬಾಯಿ ಎಂದೂ ಒಣಗದ ಜಾಗ. ಬಿಸಿ ಕಾಫಿಗೆ ಲೋಹ ಒಂದಷ್ಟು ಹಿಗ್ಗಿದರೆ ರಾಳ ಇನ್ನೊಂದಷ್ಟು ಹಿಗ್ಗುತ್ತದೆ. ಆ ಸಂದಿನಲ್ಲಿ ಎಂಜಲು ನುಸುಳಿ ಅಣುಗಳ ಹಿಡಿತವನ್ನು ಒಂದೊಂದಾಗಿ ಬಿಡಿಸುತ್ತದೆ. ಒಂದು ದಿನ ಊಟದ ನಡುವೆ ಹಲ್ಲು ತಟ್ಟೆಗೆ ಬೀಳುತ್ತದೆ.

ಇಂಚರಾ ಓದಿದ್ದು ದಂತವೈದ್ಯಕೀಯವೇ. ಆದರೆ ರೋಗಿಗಳ ಬಾಯಿಗಿಂತ ಅಣುಗಳ ಮೇಲೆ ಅವಳಿಗೆ ಪ್ರೀತಿ ಹೆಚ್ಚು. ಅವಳು ಕಟ್ಟಿದ ಅಣುವಿನಲ್ಲಿ ಹೊಸದೊಂದು ಗುಣವಿತ್ತು. ನೀರು ಬಂದು ಅದರ ಕೈ ಬಿಡಿಸಿದರೆ, ಅದು ಅದೇ ನೀರನ್ನೂ ಎಂಜಲಿನಲ್ಲಿರುವ ಫಾಸ್ಫೇಟನ್ನೂ ಬಳಸಿಕೊಂಡು ಮತ್ತೆ ಲೋಹವನ್ನು ಹಿಡಿಯುತ್ತಿತ್ತು. ಬಿಡಿಸಿದಷ್ಟೂ ಹಿಡಿಯುತ್ತಿತ್ತು. ಕಳ್ಳನನ್ನೇ ಕಾವಲಿಗೆ ಹಚ್ಚಿದ ಹಾಗೆ. ಕುದಿನೀರು ತಣ್ಣೀರುಗಳಲ್ಲಿ ಸರದಿಯ ಮೇಲೆ ಅದ್ದುವ ಯಂತ್ರಕ್ಕೆ ಮಾದರಿಗಳನ್ನು ಕಟ್ಟಿದಾಗ ಹಳೆಯ ಅಂಟಿನವು ಒಂದೊಂದಾಗಿ ಉದುರಿ ತಳ ಸೇರಿದವು. ಇವಳದು ಉದುರಲಿಲ್ಲ. ಎಳೆದು ನೋಡುವ ಯಂತ್ರಕ್ಕೆ ಕೊಟ್ಟರೆ ಹಲ್ಲೇ ಮುರಿಯಿತು, ಬೆಸುಗೆ ಬಿಡಲಿಲ್ಲ. ಪ್ರಬಂಧದಲ್ಲಿ ಅದಕ್ಕೆ ಅರ್ಧ ಸಾಲಿನಷ್ಟು ಉದ್ದದ ಹೆಸರಿತ್ತು. ದಾವಣಗೆರೆಯ ಜನ ಹಿಡಿನೀರು ಎಂದರು. ಆ ಹೆಸರೇ ನಿಂತಿತು.

ಸರ್ಕಾರ ಅದನ್ನು ಎತ್ತಿಕೊಂಡಿತು. ಗಟ್ಟಿಹಲ್ಲು ಯೋಜನೆ ಎಂಬ ಹೆಸರಿನಲ್ಲಿ ತಾಲ್ಲೂಕು ತಾಲ್ಲೂಕಿಗೆ ವ್ಯಾನುಗಳು ಹೊರಟವು. ಹಲ್ಲಿನ ಅಚ್ಚನ್ನು ಬೆಳಕಿನಿಂದಲೇ ತೆಗೆದು, ಲೋಹದ ಸೇತುವೆಯನ್ನು ವ್ಯಾನಿನಲ್ಲೇ ಮುದ್ರಿಸಿ, ಒಂದು ಹನಿ ಹಿಡಿನೀರು ಹಚ್ಚಿ ಕೂರಿಸಿದರೆ ಕೆಲಸ ಮುಗಿಯಿತು. ಅದಕ್ಕೆ ವೈದ್ಯರೇ ಬೇಕಿರಲಿಲ್ಲ. ತರಬೇತಿ ಪಡೆದ ಯುವತಿಯರು ಮಾಡುತ್ತಿದ್ದರು. ಮತ್ತೆ ಬರಬೇಕಾಗಿಯೂ ಇರಲಿಲ್ಲ. ಅಲ್ಲಲ್ಲಿ ಹಲ್ಲು ಉದುರಿದ್ದ ಮುದುಕರು ಮಂಡಕ್ಕಿ ಜಗಿದರು. ಫ್ಲೋರೈಡ್ ನೀರಿನಿಂದ ಹಲ್ಲು ಹಾಳಾಗಿದ್ದ ಹುಡುಗಿಯರು ಕೈ ಅಡ್ಡ ಹಿಡಿಯದೆ ನಕ್ಕರು. ಇಂಚರಾಳಿಗೆ ಸನ್ಮಾನಗಳಾದವು. ವರ್ಷಗಳು ಕಳೆದಂತೆ ಸನ್ಮಾನಗಳು ನಿಂತವು. ಅದನ್ನೂ ಅವಳು ಗೆಲುವು ಎಂದೇ ಭಾವಿಸಿದಳು. ನಲ್ಲಿ ನೀರನ್ನು ಯಾರು ಸನ್ಮಾನಿಸುತ್ತಾರೆ?

ವಾಗೀಶ್ ದವಾಖಾನೆ ಮುಚ್ಚಿದರು. ಊರಿನಲ್ಲಿ ಅಂಥವು ಬಹಳ ಮುಚ್ಚಿದವು. ಹಲ್ಲಿಗೆ ಬಣ್ಣ ಕಟ್ಟುವ ದೊಡ್ಡ ಅಂಗಡಿಗಳು ಮಾತ್ರ ಉಳಿದವು. ಒಮ್ಮೆ ರಸ್ತೆಯಲ್ಲಿ ಸಿಕ್ಕಾಗ ಅವರು, “ಮಗಳ ಕನ್ನಡಕದ ಅಂಗಡೀಲಿ ಕೂರ್ತೀನಮ್ಮ. ಬಾಯಿ ವಾಸನೆ ಇಲ್ಲ, ಆರಾಮು,” ಎಂದು ನಕ್ಕಿದ್ದರು.

ಇದಾದ ಎಷ್ಟೋ ವರ್ಷಗಳ ಮೇಲೆ ಇಂಚರಾ ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆ ಹೋದಳು. ಮೆರವಣಿಗೆಯ ಮೇಲೆ ಡ್ರೋನುಗಳು ದೀಪ ಹಿಡಿದು ಹಾರುತ್ತಿದ್ದರೂ ಕೆಳಗೆ ದಾದಾಪೀರನ ಅದೇ ಕೆಂಪು ಕೋಟಿನ ಬ್ಯಾಂಡು ಇತ್ತು. ಟ್ರಂಪೆಟ್ ಊದುತ್ತಿದ್ದವನು ಬೇರೆ ಯಾರೋ. ಅವಳು ದೊಡ್ಡ ಡ್ರಮ್ ಹೊಡೆಯುತ್ತಿದ್ದ ಶೇಖರಪ್ಪ ಎಂಬವನ ಹತ್ತಿರ ಹೋಗಿ ದಾದಾಪೀರ್ ಎಲ್ಲಿ ಎಂದು ಕೇಳಿದಳು.

“ಅಣ್ಣಂಗೆ ಬಾಯಿ ಹುಣ್ಣಾಗೈತ್ರೀ. ಉಷ್ಣ ಜಾಸ್ತಿ. ಊದಾಕಾಗವಲ್ದು,” ಎಂದ ಶೇಖರಪ್ಪ, ಬಾಯಲ್ಲಿದ್ದುದನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸುತ್ತಾ.

ಬ್ಯಾಂಡಿನವರೆಲ್ಲರ ಕೆನ್ನೆಯಲ್ಲೂ ಅದು ಇರುತ್ತಿತ್ತು. ಅಡಿಕೆ, ಸುಣ್ಣ, ತಂಬಾಕು. ಬಿಸಿಲಿನಲ್ಲಿ ಹಸಿವು ತಡೆಯಲಿಕ್ಕೆ, ಕಾಯುವ ಹೊತ್ತು ಕಳೆಯಲಿಕ್ಕೆ. ನಿಷೇಧಗಳು ಎಷ್ಟೋ ಬಂದು ಹೋಗಿದ್ದವು. ಪ್ರತಿ ಸಲ ಪೊಟ್ಟಣದ ಹೆಸರು ಬದಲಾಗಿತ್ತು, ಅಷ್ಟೇ.

ಮರುದಿನ ಬೆಳಿಗ್ಗೆ ಅವಳು ರೈಲು ಹಳಿಯಾಚೆಯ ಓಣಿಯಲ್ಲಿ ದಾದಾಪೀರನ ಮನೆ ಹುಡುಕಿಕೊಂಡು ಹೋದಳು. ಅವನ ಹೆಂಡತಿ ಮೆಹರುನ್ನಿಸಾ ಬಾಗಿಲು ತೆಗೆದು, ಗುರುತು ಹಿಡಿದು, ಚಾಪೆ ಹಾಸಿದಳು. ದಾದಾಪೀರ್ ಎಡಗೆನ್ನೆಗೆ ಟವೆಲ್ ಒತ್ತಿಕೊಂಡು ಗೋಡೆಗೆ ಒರಗಿದ್ದ. ಅರ್ಧಕ್ಕರ್ಧ ಇಳಿದುಹೋಗಿದ್ದ. ಮಾತಾಡಿದರೆ ತುಟಿ ಮಾತ್ರ ಅಲ್ಲಾಡುತ್ತಿತ್ತು, ದವಡೆ ಅಲ್ಲಾಡುತ್ತಿರಲಿಲ್ಲ.

“ಯಾವಾಗಿಂದ ಹೀಗೆ?”

“ಹೋದ ರಂಜಾನಿಗಿಂತ ಮುಂಚೆ ಖಾರ ತಿಂದ್ರೆ ಉರೀತಿತ್ತು ಡಾಕ್ಟ್ರಮ್ಮ. ಜೀರಿಗೆ ನೀರು ಕುಡಿದೆ. ಆಮ್ಯಾಕೆ ಬಾಯಿ ಬಿಗೀತಾ ಬಂತು.”

“ಯಾರಿಗೂ ತೋರಿಸಲಿಲ್ವಾ?”

ಅವನು ಅವಳ ಪ್ರಶ್ನೆ ಅರ್ಥವಾಗದವನಂತೆ ನೋಡಿದ. “ಹಲ್ಲು ಗಟ್ಟಿ ಐತಲ್ಲ. ಅಲ್ಲಾಡಿದ್ರೆ ಬರ್ತಿದ್ದೆ.”

ಬಾಯಿ ಚಮಚದ ತುದಿ ಹೋಗುವಷ್ಟು ಮಾತ್ರ ತೆರೆಯಿತು. ಇಂಚರಾ ಫೋನಿನ ಬೆಳಕು ಹಿಡಿದು ಬಗ್ಗಿದಳು. ವಾಸನೆಗೆ ತಲೆ ಹಿಂದಕ್ಕೆ ಹೋಯಿತು. ಮೊದಲು ಕಂಡದ್ದು ಅವಳದೇ ಸೇತುವೆ. ಕೂರಿಸಿದ ದಿನದಂತೆಯೇ ಇತ್ತು. ಅಂಚಿನಲ್ಲಿ ಒಂದು ಕಪ್ಪು ಗೆರೆ ಕೂಡ ಇರಲಿಲ್ಲ. ಅದರ ಹಿಂದೆ, ವಸಡಿನಿಂದ ಕೆನ್ನೆಯ ಒಳಮೈಗೆ ಹಬ್ಬಿ, ಹೂಕೋಸಿನಂತೆ ಉಬ್ಬಿದ ಬಿಳಿ ಕೆಂಪು ಮಾಂಸ. ನಡುವೆ ಗುಳಿ.

ಮೆಹರುನ್ನಿಸಾ ಅವಳ ಮುಖವನ್ನೇ ನೋಡುತ್ತಿದ್ದಳು. “ಏನ್ರೀ ಅದು? ಉಷ್ಣಾನೇ ಅಲ್ವೇನ್ರೀ?”

“ಆಸ್ಪತ್ರೆಗೆ ಹೋಗೋಣ. ಇವತ್ತೇ ಹೋಗೋಣ,” ಎಂದಳು ಇಂಚರಾ.

ಕ್ಯಾನ್ಸರ್ ವಾರ್ಡಿನ ಶಸ್ತ್ರಚಿಕಿತ್ಸಕ ಡಾ. ತೇಜಸ್ ಮುದೇನೂರು ಅವಳಿಗಿಂತ ಚಿಕ್ಕವನು. ಅವನು ಎಲ್ಲ ಪರೀಕ್ಷೆ ಮಾಡಿ, ದವಡೆಯ ಎಡಭಾಗವನ್ನು ತೆಗೆಯಬೇಕು, ಕುತ್ತಿಗೆಯ ಗಂಟುಗಳನ್ನೂ ತೆಗೆಯಬೇಕು ಎಂದ. ಆಮೇಲೆ ಅವಳ ಹೆಸರು ಕೇಳಿ ಚೀಟಿಯಿಂದ ತಲೆಯೆತ್ತಿದ.

“ಹಿಡಿನೀರಿನ ಇಂಚರಾ ಹಾಲೇಶ್ ನೀವೇನಾ? ನಿಮ್ಮ ಸೇತುವೆಗಳನ್ನ ನಾನು ಬಹಳ ನೋಡ್ತೀನಿ ಮೇಡಂ. ದವಡೆ ಸಮೇತ ಹೊರಗೆ ತೆಗೆದ ಮೇಲೆ.”

“ಅಂದ್ರೆ? ಹಿಡಿನೀರಿನಿಂದ ಕ್ಯಾನ್ಸರ್ ಬರುತ್ತೆ ಅಂತೀರಾ?”

“ಇಲ್ಲ, ಇಲ್ಲ. ಅದನ್ನ ನಾವೂ ಅನುಮಾನಪಟ್ಟು ನೋಡಿದ್ವಿ. ನಿಮ್ಮ ಅಂಟಿನಲ್ಲಿ ವಿಷ ಏನೂ ಇಲ್ಲ.” ಅವನು ಕೈಗವಸು ಕಳಚಿ ಬುಟ್ಟಿಗೆ ಹಾಕಿದ. “ನಮ್ಮ ಗುರುಗಳು ಹೇಳ್ತಿದ್ರು, ಅವರ ಕಾಲದಲ್ಲಿ ರೋಗಿಗಳು ಬಿಳಿ ಮಚ್ಚೆ ಇದ್ದಾಗ್ಲೇ ಬರ್ತಿದ್ರಂತೆ. ಎಲ್ಲರೂ ಅಲ್ಲ, ಕೆಲವರಾದ್ರೂ. ಈಗ ಕೆನ್ನೆ ತೂತಾದ ಮೇಲೆ ಬರ್ತಾರೆ. ಯಾಕೆ ಅಂತ ನನಗೆ ಗೊತ್ತಿಲ್ಲ. ನಿಮಗೇನಾದ್ರೂ ಗೊತ್ತಾ?”

ಅವಳಿಗೂ ಗೊತ್ತಿರಲಿಲ್ಲ.

ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಅವಳು ರೋಗ ಪರೀಕ್ಷೆಯ ಕೋಣೆಗೆ ಹೋಗಿ ತೆಗೆದ ಭಾಗವನ್ನು ತೋರಿಸಲು ಕೇಳಿದಳು. ತಟ್ಟೆಯಲ್ಲಿ ಅರ್ಧ ದವಡೆ ಇತ್ತು. ಗರಗಸ ಹಾಯ್ದ ಕಡೆ ಮೂಳೆ ಬೆಳ್ಳಗಿತ್ತು. ಹಲ್ಲುಗಳ ಸಾಲಿನಲ್ಲಿ ಸೇತುವೆ ಇತ್ತು. ಅವಳು ಅಭ್ಯಾಸಬಲದಿಂದ ಚಿಮಟ ತೆಗೆದುಕೊಂಡು ರೆಕ್ಕೆಯ ಅಂಚನ್ನು ಎಳೆದಳು. ಬರಲಿಲ್ಲ. ಇನ್ನಷ್ಟು ಬಲವಾಗಿ ಎಳೆದಳು. ಇಡೀ ದವಡೆ ತಟ್ಟೆಯಿಂದ ಮೇಲೆದ್ದಿತು, ಸೇತುವೆ ಬಿಡಲಿಲ್ಲ. ಅಲ್ಲಿದ್ದ ತಂತ್ರಜ್ಞೆ, “ಅದು ಬರಲ್ಲ ಮೇಡಂ, ನಾವೂ ನೋಡಿದೀವಿ,” ಎಂದಳು. ಇಂಚರಾ ಚಿಮಟ ಕೆಳಗಿಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು.

ತೇಜಸ್ ಕೇಳಿದ ಪ್ರಶ್ನೆ ಅವಳನ್ನು ಕನ್ನಡಕದ ಅಂಗಡಿಗೆ ಕರೆದೊಯ್ದಿತು. ವಾಗೀಶ್ ಗಲ್ಲಾದ ಹಿಂದೆ ಕೂತು ಗಾಜು ಒರೆಸುತ್ತಿದ್ದರು. ದಾದಾಪೀರನ ಸುದ್ದಿ ಕೇಳಿ ಅವರ ಕೈ ನಿಂತಿತು.

“ಎಡಗೆನ್ನೆನಾ?”

“ಹೌದು. ನಿಮಗೆ ಹೇಗೆ ಗೊತ್ತಾಯ್ತು?”

“ಅಡಿಕೆ ತಂಬಾಕು ಅವನು ಅಲ್ಲೇ ಇಟ್ಕೋತಿದ್ದ. ಒಂದ್ಸಲ ಹಲ್ಲು ಕಿತ್ತು ಬಂದಾಗ ಅಲ್ಲಿ ಮಬ್ಬುಮಬ್ಬಾಗಿ ಒಂದು ಬಿಳಿ ಮಚ್ಚೆ ಕಂಡಿತ್ತು. ಹಿಗ್ಗಾಮುಗ್ಗಾ ಬೈದೆ. ಸತ್ತೋಗ್ತೀಯ, ಹೆಂಡ್ರು ಮಕ್ಕಳನ್ನ ಬೀದಿಗೆ ಹಾಕ್ತೀಯ ಅಂದೆ. ಹೆದರಿ ಬಿಟ್ಟ. ಮುಂದಿನ ಸಲ ಬಂದಾಗ ಮಚ್ಚೆ ಇರ್ಲಿಲ್ಲ. ಮತ್ತೆ ಶುರು ಮಾಡಿದ. ಮತ್ತೆ ಹಲ್ಲು ಕಿತ್ತು ಬಂತು, ಮತ್ತೆ ಬೈದೆ, ಮತ್ತೆ ಬಿಟ್ಟ.” ಅವರು ಗಾಜನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. “ಸೇತುವೆ ಅಂಟಿಸೋದೇನು ದೊಡ್ಡ ಕೆಲಸ ಅಲ್ಲಮ್ಮ. ಆದ್ರೆ ಬಾಯಿ ತೆಗೆಸಿದ ಮೇಲೆ ಒಂದು ಸುತ್ತು ಎಲ್ಲಾ ಕಡೆ ನೋಡ್ತಿದ್ವಿ. ಕೆನ್ನೆ, ನಾಲಿಗೆ ಕೆಳಗೆ, ಗಂಟಲು. ಕೈ ತಾನೇ ಹೋಗ್ತಿತ್ತು. ಹುಣ್ಣಾಯ್ತು ಅಂತ ಬಂದವರು ಕಮ್ಮಿ. ಹಲ್ಲು ಕಿತ್ತು ಬಂತು ಅಂತ ಬಂದವರ ಬಾಯಲ್ಲೇ ನಾನು ಹುಣ್ಣು ಕಂಡಿದ್ದು.”

ಇಂಚರಾ ಅವರ ಮುಖದಿಂದ ಕಣ್ಣು ತೆಗೆದಳು. ಅಂಗಡಿಯ ಗೋಡೆ ತುಂಬ ಕನ್ನಡಿಗಳು.

“ಇದನ್ನ ಆಗ್ಲೇ ಯಾಕೆ ಹೇಳಲಿಲ್ಲ ಸರ್?”

“ಏನಂತ ಹೇಳ್ಲಿ? ಗಟ್ಟಿಯಾಗಿ ಅಂಟಿಸಬೇಡಿ ಅಂತಲೇ? ತನ್ನ ಅನ್ನಕ್ಕೆ ಕಲ್ಲು ಬಿತ್ತು ಅಂತ ಹೀಗೆ ಹೇಳ್ತಾನೆ ಅಂದ್ಕೊಳ್ತಿದ್ರಿ. ನಿಜ ಹೇಳ್ಬೇಕು ಅಂದ್ರೆ ನನಗೂ ಹೊಳೆದಿರಲಿಲ್ಲ. ಈಗ ನೀವು ಕೇಳಿದ ಮೇಲೆ ಹೊಳೀತಿದೆ.”

ಅಂದಿನಿಂದ ಇಂಚರಾ ಮತ್ತೆ ಪ್ರಯೋಗಾಲಯ ಸೇರಿದಳು. ಅವಳು ಕಟ್ಟಬೇಕಾಗಿದ್ದುದು ಈಗ ತದ್ವಿರುದ್ಧವಾದದ್ದು. ಕೆಲವು ಕಾಲ ಗಟ್ಟಿಯಾಗಿ ಹಿಡಿದು, ಆಮೇಲೆ ಮೆಲ್ಲಗೆ ಕೈಬಿಡುವ ಅಣು. ಕಟ್ಟುವುದು ಕಷ್ಟವಾಗಲಿಲ್ಲ. ಮರಳಿ ಹಿಡಿಯುವ ಗುಣಕ್ಕೆ ಒಂದು ಮಿತಿ ಹಾಕಿದರೆ ಸಾಕಿತ್ತು. ವರ್ಷ ಒಂದೂವರೆ ವರ್ಷದ ಮೇಲೆ ಹಲ್ಲು ನೋವಿಲ್ಲದೆ ಅಲ್ಲಾಡತೊಡಗುತ್ತದೆ. ಕಳಚಿ ನುಂಗುವ ಮೊದಲೇ ಮನುಷ್ಯ ಯಾರ ಬಳಿಗಾದರೂ ಓಡಿ ಬರುತ್ತಾನೆ. ಬಂದವನ ಬಾಯಿಯನ್ನು ಯಾರಾದರೂ ನೋಡುತ್ತಾರೆ. ಇಷ್ಟೇ ಅವಳ ಲೆಕ್ಕಾಚಾರ. ಇಡೀ ಆಯುಷ್ಯ ಯಾವ ದೋಷವನ್ನು ಹೋಗಲಾಡಿಸಲು ದುಡಿದಿದ್ದಳೋ ಅದನ್ನೇ ಈಗ ಬೇಕೆಂದು ತಯಾರಿಸುತ್ತಿದ್ದಳು.

ಅದನ್ನು ಅವಳು ಮೊದಲು ಹೇಳಿದ್ದು ದಾದಾಪೀರನಿಗೆ. ಅವನ ಮುಖದ ಎಡಭಾಗ ಒಳಕ್ಕೆ ಕುಸಿದಿತ್ತು. ಮೂಗಿನ ಕೊಳವೆಯಲ್ಲಿ ಗಂಜಿ ಹೋಗುತ್ತಿತ್ತು. ಅವನ ಮಾತು ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ, ಮೆಹರುನ್ನಿಸಾ ಒಬ್ಬಳಿಗೇ ತಿಳಿಯುತ್ತಿತ್ತು. ಅವನು ಗಂಟಲಲ್ಲಿ ಏನೋ ಅಂದ. ಮೆಹರುನ್ನಿಸಾ ಹೇಳಲೋ ಬೇಡವೋ ಎಂದು ತಡೆದಳು. ಅವನು ಅವಳ ಮೊಣಕೈ ತಿವಿದ.

“ಕಿತ್ಕೊಂಡು ಬರೋ ಹಲ್ಲನ್ನೇ ಕೊಟ್ಟಿದ್ರೆ ನಿಮ್ಮನ್ನ ಬೈತಿದ್ದೆ ಅಂತಾರ್ರೀ. ಇಷ್ಟು ವರ್ಷ ಊದಿದೀನಲ್ಲ, ಒಂದ್ಸಲಾನೂ ಸ್ವರ ಸೀಳಲಿಲ್ಲ ಅಂತಾರೆ.”

ದಾದಾಪೀರ್ ತಲೆಯಾಡಿಸಿದ. ಅವನಿಗೆ ಕೋಪವಿರಲಿಲ್ಲ. ಅವನು ಬೈದಿದ್ದರೆ ಚೆನ್ನಾಗಿತ್ತು ಎಂದು ಇಂಚರಾಳಿಗೆ ಅನ್ನಿಸಿತು. ಅವಳು ಎದ್ದಾಗ ಅವನು ಮತ್ತೇನೋ ಅಂದ. ಈ ಸಲ ಮೆಹರುನ್ನಿಸಾ ಕೂಡಲೇ ಹೇಳಿದಳು, “ಶೇಖರಪ್ಪಂದು ನೋಡಿ ಅಂತಾರೆ. ಅವನೂ ಅದೇ ಹಾಕ್ಕೋತಾನೆ.”

ಇಂಚರಾ ಶೇಖರಪ್ಪನನ್ನು ಹುಡುಕಿ ಬಾಯಿ ತೆರೆಸಿ ನೋಡಿದಳು. ಬ್ಯಾಂಡಿನ ಬೇರೆಯವರದೂ ನೋಡಿದಳು. ಅವರು ನಾಚಿಕೊಂಡು, ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತಾ ಬಾಯಿ ತೆರೆದರು. ಇಬ್ಬರನ್ನು ಅವಳು ಅಲ್ಲಿಂದಲೇ ತೇಜಸ್‌ನ ಬಳಿಗೆ ಕಳಿಸಿದಳು. ಒಬ್ಬ ಹೋದ. ಇನ್ನೊಬ್ಬ ಮದುವೆ ಸೀಜನ್ ಮುಗಿಯಲಿ ಎಂದ.

ಮುಂದಿನ ಬೇಸಿಗೆಯ ಹೊತ್ತಿಗೆ ರೋಗ ಕುತ್ತಿಗೆಯ ಇನ್ನೊಂದು ಬದಿಯಲ್ಲಿ ಕಾಣಿಸಿಕೊಂಡಿತು. ದಾದಾಪೀರ್ ಆ ಬೇಸಿಗೆ ದಾಟಲಿಲ್ಲ. ಖಬರಸ್ತಾನಿಗೆ ಹೋಗುವಾಗ ಬ್ಯಾಂಡಿನವರೆಲ್ಲ ಬಂದಿದ್ದರು. ಅಷ್ಟು ಜನ ಒಟ್ಟಿಗೆ ಕೈಯಲ್ಲಿ ಯಾವ ವಾದ್ಯವೂ ಇಲ್ಲದೆ ರಸ್ತೆಯಲ್ಲಿ ನಡೆದದ್ದು ಅದೇ ಮೊದಲಿರಬೇಕು. ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಕೆಲವರು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.

ಹೊಸ ಅಣುವಿನ ಪರೀಕ್ಷೆಗಳು ಮುಗಿದಾಗ ಇಂಚರಾ ಬೆಂಗಳೂರಿಗೆ, ಗಟ್ಟಿಹಲ್ಲು ಯೋಜನೆಯ ಸಮಿತಿಯ ಮುಂದೆ ಹೋದಳು. ಅಧ್ಯಕ್ಷತೆ ವಹಿಸಿದ್ದವರು ಆಯುಕ್ತ ಪ್ರಮೋದ್ ನಾಡಗೇರ್. ನೀಟಾದ ಮನುಷ್ಯ, ಎಲ್ಲರ ಮಾತನ್ನೂ ಕೊನೆಯವರೆಗೆ ಕೇಳುವವರು. ಊಟ ಮುಗಿದು ಸಭೆ ಮತ್ತೆ ಸೇರಿತ್ತು. ಸಿಹಿ ಅಡಿಕೆಯ ಪುಟ್ಟ ಬೆಳ್ಳಿ ಡಬ್ಬಿ ಮೇಜಿನ ಸುತ್ತ ಕೈಯಿಂದ ಕೈಗೆ ಹೋಗುತ್ತಿತ್ತು. ಆಯುಕ್ತರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಅವಳ ಮಾತು ಕೇಳಿದರು.

“ಅಂದರೆ, ಕಳಚಿ ಬೀಳುವ ಹಲ್ಲನ್ನು ನಾವು ಜನರಿಗೆ ಹಾಕಬೇಕು ಅಂತ ಹೇಳ್ತಿದೀರಿ.”

“ಹೌದು ಸರ್.”

“ಅದೂ ಗಟ್ಟಿಹಲ್ಲು ಅನ್ನೋ ಹೆಸರಿನ ಯೋಜನೆಯಲ್ಲಿ.” ಒಂದಿಬ್ಬರು ನಕ್ಕರು. ಆಯುಕ್ತರು ನಗಲಿಲ್ಲ. “ನಿಮ್ಮ ಉದ್ದೇಶ ಅರ್ಥವಾಗುತ್ತೆ ಮೇಡಂ. ಆದರೆ ಒಳ್ಳೆಯದು ಇದ್ದೂ ಕೆಟ್ಟದ್ದನ್ನು ಕೊಟ್ಟೆವು ಅಂತ ನಾಳೆ ಯಾರಾದರೂ ಕೋರ್ಟಿಗೆ ಹೋದರೆ ನಾನೇನು ಹೇಳಲಿ? ಬಾಯಿ ತೋರಿಸಿಕೊಳ್ಳಿ ಅಂತ ಪ್ರಚಾರ ಮಾಡೋಣ. ಪೋಸ್ಟರ್ ಹಾಕೋಣ.”

“ಫೋನಿನಲ್ಲೇ ಬಾಯಿ ಸ್ಕ್ಯಾನ್ ಮಾಡಬಹುದಲ್ಲ,” ಎಂದರು ಇನ್ನೊಬ್ಬರು. “ಎಲ್ಲರ ಫೋನಿನಲ್ಲೂ ಇದೆ.”

“ಇದೆ ಸರ್. ನೀವು ಯಾವಾಗ ಮಾಡಿದ್ರಿ?”

ಅವರು ತಮ್ಮ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. ಇಂಚರಾಳಿಗೆ ತನ್ನ ಮಾತು ಒರಟಾಯಿತೆನ್ನಿಸಿತು. ಆದರೂ ಮುಂದುವರಿಸಿದಳು.

“ನೋವಿಲ್ಲದಿದ್ರೆ ಯಾರೂ ಬಾಯಿ ತೋರಿಸಲ್ಲ. ಈ ರೋಗ ಮೊದಲಿಗೆ ನೋಯೋದಿಲ್ಲ. ಅಡಿಕೆಗೆ ಬಾಯಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತೆ, ಅದು ಗೊತ್ತೇ ಆಗಲ್ಲ. ದಿನಾ ತುತ್ತು ಚಿಕ್ಕದು ಮಾಡ್ಕೊಂಡು ತಿಂತಾ ಹೋಗ್ತೀವಿ. ಯಂತ್ರ ಏನೂ ಬೇಡ. ಬೆರಳಿದ್ರೆ ಸಾಕು.” ಅವಳು ತನ್ನ ಕೈ ಎತ್ತಿ ತೋರುಬೆರಳು, ನಡುಬೆರಳು, ಉಂಗುರದ ಬೆರಳು ಮೂರನ್ನೂ ಕೂಡಿಸಿದಳು. “ಈ ಮೂರನ್ನೂ ಒಂದರ ಮೇಲೊಂದು ಬರೋ ಹಾಗೆ ನಿಲ್ಲಿಸಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಇಡಬೇಕು. ಸರಾಗವಾಗಿ ಹೋಗಬೇಕು.”

ಸಭೆಯಲ್ಲಿ ಮತ್ತೆ ನಗು ಹರಡಿತು. ಒಬ್ಬರು ಅತ್ತಿತ್ತ ನೋಡಿ ಬೆರಳು ಬಾಯಿಗಿಟ್ಟರು. ಅವರನ್ನು ನೋಡಿ ಇನ್ನೊಬ್ಬರು ಇಟ್ಟರು. ಸ್ವಲ್ಪ ಹೊತ್ತಿಗೆ ದೊಡ್ಡ ದೊಡ್ಡ ಅಧಿಕಾರಿಗಳೆಲ್ಲ ಮಕ್ಕಳ ಹಾಗೆ ಬೆರಳು ಬಾಯಲ್ಲಿಟ್ಟುಕೊಂಡು ಕೂತಿದ್ದರು. ಆಯುಕ್ತರೂ ಮುಗುಳ್ನಗುತ್ತಾ ಕೈ ಎತ್ತಿದರು. ಎರಡು ಬೆರಳು ಹೋದವು. ಮೂರನೆಯದು ಹಲ್ಲಿಗೆ ತಗುಲಿ ನಿಂತಿತು. ಅವರು ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ಇನ್ನೊಮ್ಮೆ ನೋಡಿದರು. ಹೋಗಲಿಲ್ಲ. ಅವರ ಹಲ್ಲುಗಳು ಬಹಳ ಚೆನ್ನಾಗಿದ್ದವು.

ಯಾರೂ ಗಮನಿಸಿರಲಿಲ್ಲ, ಇಂಚರಾಳ ಹೊರತು.

ಆಯುಕ್ತರು ಕರವಸ್ತ್ರ ತೆಗೆದು ಬೆರಳುಗಳನ್ನು ಒರೆಸಿಕೊಂಡರು. “ಪ್ರಸ್ತಾವವನ್ನು ಸದ್ಯಕ್ಕೆ ಕೈಬಿಡೋಣ,” ಎಂದರು. “ಮುಂದಿನ ವಿಷಯ ತಗೊಳ್ಳಿ.”

ಇಂಚರಾ ಸಾಮಾನು ಜೋಡಿಸಿಕೊಂಡು ಹೊರಗೆ ಬಂದಳು. ಲಿಫ್ಟಿಗೆ ಕಾಯುತ್ತಾ ನಿಂತಿದ್ದಾಗ ಹಿಂದೆ ಬಾಗಿಲು ತೆರೆದ ಸದ್ದಾಯಿತು. ಆಯುಕ್ತರು ಒಬ್ಬರೇ ಬರುತ್ತಿದ್ದರು. ಹತ್ತಿರ ಬಂದು, ಕಾರಿಡಾರಿನ ಎರಡೂ ಕಡೆ ನೋಡಿ, ದನಿ ತಗ್ಗಿಸಿದರು.

“ಮೇಡಂ, ಆ ಮೂರು ಬೆರಳು ಅಂದ್ರಲ್ಲ. ಯಾರ ಬೆರಳು ಲೆಕ್ಕ? ನನ್ನ ಬೆರಳು ಸ್ವಲ್ಪ ದಪ್ಪ.”

ಲಿಫ್ಟು ಬಂದು ಬಾಗಿಲು ತೆರೆದುಕೊಂಡಿತು. ಇಂಚರಾ ಹತ್ತಲಿಲ್ಲ.

“ಅವರವರ ಬೆರಳೇ, ಸರ್,” ಎಂದಳು.